ಮುದಲಾಳಿಗಳಿಗೆ ಕಾನೂನು ಹೇಳಹೋಗಿ

ವಾರಕ್ಕೊಂದಾದರೂ ಇಂಥ ತಮಾಷೆ ನಡೆಯದಿದ್ದರೆ ನಾನು ಸಲಹೆ ಕೊಡುವ ಯಾವುದೋ ಒಂದು ಕಂಪನಿಗೆ ಬೀಗ ಬಿದ್ದಿದೆಯೇನೋ ಎಂದು ಅನುಮಾನವಾಗುತ್ತದೆ. ಕೊಯಮತ್ತೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕಾರ್ಮಿಕ ಕಾನೂನಿನ ಸಲಹೆ ಕೊಡುವುದು ನನ್ನ ಕಸುಬು. ಕಾರ್ಖಾನೆಗಳಿಗೆ ಹೋಗಿ ಹಾಜರಿ, ರಜೆ, ನೋಟಿಸು, ವಿಚಾರಣೆ ಎಲ್ಲ ಕಾನೂನಿನಂತೆ ನಡೆದಿದೆಯೇ ಎಂದು ನೋಡುವುದು, ಇಲ್ಲದಿದ್ದರೆ ಸರಿಮಾಡಿ ಎಂದು ಹೇಳುವುದು. ಸರಿಮಾಡುವವರು ಕಡಿಮೆ. "ಸರಿ ಇರೋ ಹಂಗೆ ಬರ್ದುಕೊಡಮ್ಮ" ಅನ್ನುವವರೇ ಹೆಚ್ಚು. ಇಲ್ಲಿ ಯಜಮಾನರನ್ನು ಮುದಲಾಳಿ ಎನ್ನುತ್ತೇವೆ. ಅವರ ಬಗ್ಗೆ ಬರೆಯಲು ನನಗೆ ಭಯವಿಲ್ಲ. ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಕನ್ನಡ ಮಾತಾಡುತ್ತಾರೆ, ಆದರೆ ಅಜ್ಜಿಯ ಹಟಕ್ಕೆ ಅಕ್ಷರ ಕಲಿತವಳು ನಾನೊಬ್ಬಳೇ. ಹಾಗಾಗಿ ನಾನು ಬರೆದದ್ದನ್ನು ಮುದಲಾಳಿಗಳೂ ಓದುವುದಿಲ್ಲ, ನನ್ನ ಗಂಡನೂ ಓದುವುದಿಲ್ಲ. ಇದಕ್ಕಿಂತ ದೊಡ್ಡ ವಾಕ್‌ ಸ್ವಾತಂತ್ರ್ಯ ಯಾರಿಗಿದೆ?

೧. ಭಾನುವಾರದ ಬೋರ್ಡು

ಕಿಣತ್ತುಕಡವಿನ ಹತ್ತಿರ ತೆಂಗಿನ ನಾರಿನ ಕಾರ್ಖಾನೆ ಒಂದಿದೆ. ಅಲ್ಲಿ ಕೆಲಸ ಮಾಡುವವರಲ್ಲಿ ಮುಕ್ಕಾಲು ಪಾಲು ಒಡಿಶಾದವರು. ಕಾನೂನಿನ ಸಾರಾಂಶವನ್ನು ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಗೋಡೆಗೆ ಹಾಕಬೇಕು. ಇವರು ಹಾಕಿದ್ದು ಇಂಗ್ಲಿಷಿನಲ್ಲಿ.

"ಒಡಿಯಾದಲ್ಲಿ ಹಾಕಿಸಿ ಸಾರ್" ಎಂದೆ.

"ಅವರಿಗೆಲ್ಲಿ ಓದೋಕೆ ಬರುತ್ತೆ?" ಎಂದರು ಮುದಲಾಳಿ.

"ಈ ಇಂಗ್ಲಿಷ್ ಬೋರ್ಡನ್ನ ನೀವು ಓದಿದೀರಾ?"

ಅವರು ಫೋನು ತೆಗೆದರು. ಫೋನಿನಲ್ಲೇ ಅನುವಾದ ಮಾಡಿಸಿ, ಮುಂದಿನ ವಾರ ಎಂಟಡಿ ಉದ್ದದ ಫ್ಲೆಕ್ಸ್ ಕಟ್ಟಿಸಿದರು. ಅದರಲ್ಲಿ ಕಾನೂನಿಗಿಂತ ಅವರ ಫೋಟೋನೇ ದೊಡ್ಡದಾಗಿತ್ತು. ಫೋಟೋದ ಕೆಳಗೆ ಏನಿದೆಯೋ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ತಮಿಳು ಕಲಿತಿದ್ದ ಒಡಿಶಾದ ಕೆಲಸಗಾರನೊಬ್ಬನನ್ನು ಕರೆಸಿ ಓದಿ ಹೇಳಪ್ಪ ಎಂದೆ.

ಅವನು ಒಂದೊಂದೇ ಸಾಲಿಗೆ ಬೆರಳಿಟ್ಟು ಹೇಳತೊಡಗಿದ. "ಕುಡಿಯುವ ನೀರು ಎಲ್ಲರಿಗೂ ಕೊಡಲಾಗುತ್ತದೆ. ಯಂತ್ರಗಳಿಗೆ ಸುರಕ್ಷಿತ ಬೇಲಿ ಇದೆ. ದಿನಕ್ಕೆ ಎಂಟು ಗಂಟೆ ಕೆಲಸ." ಮುದಲಾಳಿ ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕರು. ಅವನು ಮುಂದಿನ ಸಾಲಿಗೆ ಬಂದ. 'ವಾರದ ರಜೆ ಭಾನುವಾರ' ಎಂದಿರಬೇಕಾದದ್ದು ಫೋನಿನ ಕೈಗೆ ಸಿಕ್ಕಿ ಏನೋ ಆಗಿತ್ತು. "ಪ್ರತಿ ವಾರ ಭಾನುವಾರವನ್ನು ರದ್ದು ಮಾಡಲಾಗಿದೆ" ಎಂದು ಓದಿದ.

"ಅಯ್ಯಯ್ಯೋ, ಆ ಸಾಲು ತಪ್ಪು, ಅದನ್ನ ಮೊದಲು ಅಳಿಸಿ!" ಎಂದು ಮುದಲಾಳಿ ಎದ್ದು ನಿಂತರು.

ಆ ಕೆಲಸಗಾರ ಪಾಪ ಎರಡು ವರ್ಷದಿಂದ ಒಂದು ಭಾನುವಾರವೂ ಮನೆಯಲ್ಲಿ ಕೂತವನಲ್ಲ. ಅಚ್ಚರಿಯಿಂದ ಕೇಳಿದ, "ಯಾಕೆ ಸಾರ್? ಮೇಲಿನ ಮೂರು ಸಾಲೇ ತಪ್ಪು. ಇದೊಂದೇ ಸರಿಯಾಗಿದೆ."

೨. ಗೋಡೆ ಮೇಲಿನ ಮೊಲ

ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಇನ್ನೂರು ಹೆಂಗಸರು ಹೊಲಿಗೆ ಮಾಡುತ್ತಾರೆ. ಅವರ ಪುಟ್ಟ ಮಕ್ಕಳಿಗೆ ಅಲ್ಲೇ ಒಂದು ಶಿಶುಪಾಲನೆಯ ಕೋಣೆ ಇರಬೇಕು ಎಂದು ನಾನು ಮೂರು ವರ್ಷ ಹೇಳಿದೆ. ಕೋಣೆ ಇತ್ತು. ಅದರ ತುಂಬ ರಟ್ಟಿನ ಪೆಟ್ಟಿಗೆ ಇದ್ದವು. ಒಬ್ಬ ಹೊಲಿಗೆಯವಳು ಎರಡು ವರ್ಷದ ಮಗುವನ್ನು ಪಕ್ಕದ ಮನೆಯ ಕುರುಡು ಮುದುಕಿಯ ಹತ್ತಿರ ಬಿಟ್ಟು ಬರುತ್ತಿದ್ದಳು. ಊಟದ ಹೊತ್ತಿಗೆ ಓಡಿಹೋಗಿ ನೋಡಿ, ಉಣ್ಣದೆ ಓಡಿಬರುತ್ತಿದ್ದಳು.

ನನ್ನ ಮಾತಿಗೆ ಅಲುಗದ ಪೆಟ್ಟಿಗೆಗಳು, ಬಟ್ಟೆ ಕೊಳ್ಳುವ ವಿದೇಶಿ ಕಂಪನಿಯವರು ತಪಾಸಣೆಗೆ ಬರುತ್ತಾರೆ ಎಂದ ಕೂಡಲೇ ಮಾಯವಾದವು. ಒಂದೇ ದಿನದಲ್ಲಿ ಗೋಡೆಗೆ ಮೊಲದ ಚಿತ್ರ ಬಂತು, ತೊಟ್ಟಿಲು ಬಂತು, ರಬ್ಬರ್ ಚೆಂಡು ಬಂತು. ಮಕ್ಕಳು ಎಲ್ಲಿಂದ ಬರಬೇಕು? ಹೊಲಿಗೆಯವರ ಮಕ್ಕಳನ್ನು ಕರೆಸಿದರೆ ಅಭ್ಯಾಸವಾಗಿ ನಾಳೆಯೂ ಬಂದುಬಿಟ್ಟಾವು ಎಂದು ಮುದಲಾಳಿಗೆ ಭಯ. ತಮ್ಮ ಮೊಮ್ಮಕ್ಕಳನ್ನೇ ಕಾರಿನಲ್ಲಿ ತರಿಸಿ ಕೂರಿಸಿದರು.

ತಪಾಸಣೆಗೆ ಬಂದವಳು ಚೆನ್ನೈ ಕಡೆಯ ಹೆಂಗಸು, ಒಳ್ಳೆ ತಮಿಳು. ರೇಷ್ಮೆ ಲಂಗ ತೊಟ್ಟ ನಾಲ್ಕು ವರ್ಷದ ಹುಡುಗಿಯ ಮುಂದೆ ಮಂಡಿಯೂರಿ ಕೂತು, "ನಿಮ್ಮಮ್ಮ ಇಲ್ಲಿ ಏನು ಕೆಲಸ ಮಾಡ್ತಾರೆ ಪುಟ್ಟಾ?" ಎಂದು ಕೇಳಿದಳು.

"ಅಮ್ಮ ಕೆಲಸ ಮಾಡಲ್ಲ."

"ಹಂಗಾದ್ರೆ ಇಲ್ಲಿ ಯಾರು ಕೆಲಸ ಮಾಡೋದು?"

"ಇಲ್ಲಿ ಯಾರೂ ಕೆಲಸ ಮಾಡಲ್ಲ. ಎಲ್ಲಾ ಕಳ್ಳ ಕತ್ತೆಗಳು. ತಾತ ದಿನಾ ಊಟಕ್ಕೆ ಕೂತಾಗ ಹೇಳ್ತಾರೆ."

ಆಕೆ ಅದನ್ನು ಅಕ್ಷರ ಬಿಡದೆ ಬರೆದುಕೊಂಡಳು. ಆ ತಿಂಗಳೇ ಕೋಣೆಗೆ ಆಯಾ ಬಂದಳು, ಹಾಲು ಬಂತು, ಆ ಹೊಲಿಗೆಯವಳ ಮಗುವೂ ಬಂತು. ಈಗ ಮುದಲಾಳಿ ಗೇಟಿನವನಿಗೆ ಕೊಟ್ಟಿರುವ ಆರ್ಡರು ಒಂದೇ: "ಇನ್‌ಸ್ಪೆಕ್ಟರ್ ಬಂದ್ರೂ ಬಿಡು, ನನ್ನ ಮೊಮ್ಮಗಳನ್ನ ಮಾತ್ರ ಒಳಗೆ ಬಿಡಬೇಡ."

೩. ಆರ್ಡರ್ ಯಾವಾಗ

ದಾವಣಗೆರೆಯಿಂದ ಬಂದ ಇಂಜಿನಿಯರ್ ಒಬ್ಬನಿಗೆ, ಇಲ್ಲಿನ ಕಂಪನಿಯೊಂದಕ್ಕೆ ಸೇರಿ ಹನ್ನೊಂದು ತಿಂಗಳಾದರೂ ನೇಮಕದ ಆರ್ಡರ್ ಕೈಗೆ ಬಂದಿರಲಿಲ್ಲ. ಬ್ಯಾಂಕಿನವರು ಕೇಳಿದರು, ಮನೆ ಓನರ್ ಕೇಳಿದ, ಹೆಣ್ಣು ಕೊಡುವವರೂ ಕೇಳಿದರು. ನನಗೆ ಕನ್ನಡ ಬರುತ್ತದೆಂದು ತಿಳಿದು ನನ್ನ ಹತ್ತಿರ ಬಂದು ಗೋಳು ತೋಡಿಕೊಂಡ. ನಾನು ಆ ಕಂಪನಿಯ ಸಿಬ್ಬಂದಿ ಅಧಿಕಾರಿಗೆ ಫೋನು ಮಾಡಿ, "ಎಲ್ಲರಿಗೂ ಆರ್ಡರ್ ಯಾವಾಗ ಕೊಡ್ತೀರಿ?" ಎಂದೆ.

"ರಾಜೀನಾಮೆ ಕೊಟ್ಟ ದಿನ ಮೇಡಂ" ಎಂದ ಆತ, ತುಂಬ ಜವಾಬ್ದಾರಿಯಿಂದ. "ಮೊದಲೇ ಕೊಟ್ಟರೆ ಕಳೆದುಕೊಂಡು ಬಿಡ್ತಾರೆ."

೪. ನಿದ್ದೆಯ ವಿಚಾರಣೆ

ತುಡಿಯಲೂರಿನ ಒಂದು ಪಂಪ್ ಕಾರ್ಖಾನೆಯಲ್ಲಿ ಮಧ್ಯಾಹ್ನದ ಪಾಳಿಯಲ್ಲಿ ನಿದ್ದೆ ಮಾಡಿದ ಎಂದು ಒಬ್ಬ ಲೇತ್ ಕೆಲಸಗಾರನ ಮೇಲೆ ಆರೋಪಪಟ್ಟಿ ಬಂತು. ಹದಿನಾಲ್ಕು ವರ್ಷ ದುಡಿದವನು, ಇಬ್ಬರು ಮಕ್ಕಳು ಕಾಲೇಜಿನಲ್ಲಿ. ಮುದಲಾಳಿಗೆ ಅವನ ಜಾಗಕ್ಕೆ ಹೊಸಬನನ್ನು ತರಬೇಕಿತ್ತು. ಸುಮ್ಮನೆ ಕಿತ್ತುಹಾಕುವ ಹಾಗಿಲ್ಲ, ವಿಚಾರಣೆ ಆಗಬೇಕು. ವಿಚಾರಣಾಧಿಕಾರಿ ನಾನು. ಶುರುವಾಗುವ ಮೊದಲೇ ಮುದಲಾಳಿ ಹೇಳಿದರು, "ತೀರ್ಪು ಏನು ಬರೀಬೇಕು ಅಂತ ನಿಮಗೆ ಗೊತ್ತಲ್ಲಮ್ಮ." ನಾನು "ವಿಚಾರಣೆ ಆದಮೇಲೆ ಗೊತ್ತಾಗುತ್ತೆ ಸಾರ್" ಎಂದೆ. ಒಳ್ಳೆಯ ಜೋಕು ಎಂದುಕೊಂಡು ಅವರು ಹೊಟ್ಟೆ ಹಿಡಿದು ನಕ್ಕರು.

ಕಂಪನಿಯ ಕಡೆಯ ಸಾಕ್ಷಿ ಸೂಪರ್‌ವೈಸರ್. ಬಂದು ಕೂತು, ಗಟ್ಟಿಯಾಗಿ ಹೇಳಿದ, "ಇವನು ಎರಡು ಗಂಟೆ ಕಾಲ ಗೊರಕೆ ಹೊಡೆದ."

ಕೆಲಸಗಾರನಿಗೆ ಪಾಟೀಸವಾಲು ಹಾಕುವ ಹಕ್ಕಿದೆ ಎಂದೆ. ಅವನಿಗೆ ಆ ಪದವೇ ಗೊತ್ತಿರಲಿಲ್ಲ. "ಇವರನ್ನ ನೀನು ಏನು ಬೇಕಾದ್ರೂ ಕೇಳಬಹುದು" ಎಂದು ಬಿಡಿಸಿ ಹೇಳಿದೆ. ಹದಿನಾಲ್ಕು ವರ್ಷದಲ್ಲಿ ಸೂಪರ್‌ವೈಸರನ್ನು ಏನೂ ಕೇಳಿರದ ಆ ಮನುಷ್ಯ ಎದ್ದು ನಿಂತು ಶುರುಮಾಡಿದ.

"ಸಾರ್, ನಾನು ಎರಡು ಗಂಟೆ ನಿದ್ದೆ ಮಾಡ್ದೆ ಅಂತ ನಿಮಗೆ ಹೆಂಗೆ ಗೊತ್ತು?"

"ನಾನೇ ಕಣ್ಣಾರೆ ನೋಡ್ದೆ."

"ಮಧ್ಯೆ ಎದ್ದು ಕೆಲಸ ಮಾಡಿ ಮತ್ತೆ ಮಲಗಿರಬಹುದಲ್ಲ ಸಾರ್?"

"ಇಲ್ಲ. ನಾನು ಎದುರಿಗೇ ಕುರ್ಚಿ ಹಾಕ್ಕೊಂಡು ಕೂತಿದ್ದೆ. ಎರಡೂ ಗಂಟೆ ನಿನ್ನ ಮೇಲಿಂದ ಕಣ್ಣು ತೆಗೀಲಿಲ್ಲ."

"ಎಬ್ಬಿಸಲಿಲ್ಲ ಯಾಕೆ ಸಾರ್?"

"ಸಾಕ್ಷಿ ಹಾಳಾಗುತ್ತೆ ಅಂತ."

ಅವನು ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ ಕೇಳಿದ, "ಆ ಎರಡು ಗಂಟೆ ನೀವೇನು ಕೆಲಸ ಮಾಡಿದ್ರಿ ಸಾರ್?"

ಸೂಪರ್‌ವೈಸರ್ ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದ. ನಾನು ಅದನ್ನೂ ಬರೆದುಕೊಂಡೆ. 'ಸಾಕ್ಷಿ ಉತ್ತರ ಕೊಡಲಿಲ್ಲ.' ಕೆಲಸಗಾರನ ನೌಕರಿ ಉಳಿಯಿತು, ಒಂದು ಎಚ್ಚರಿಕೆ ಪತ್ರದಲ್ಲಿ ಮುಗಿಯಿತು. ಮುದಲಾಳಿ ನನ್ನ ವರದಿ ಓದಿ ಕೆಂಡವಾದರು. ಆದರೆ ಬೈದದ್ದು ನನ್ನನ್ನಲ್ಲ. ಸೂಪರ್‌ವೈಸರನ್ನು ಕರೆದು ಕೂಗಾಡಿದರು, "ನೋಡ್ತಾ ಕೂರೋದೇ ಆಗಿದ್ರೆ ನೀನೂ ಪಕ್ಕದಲ್ಲಿ ಮಲಗಬೇಕಿತ್ತು. ಕಡೇಪಕ್ಷ ನಿನ್ನ ಮೇಲೆ ಸಾಕ್ಷಿ ಇರ್ತಿರಲಿಲ್ಲ!"

೫. ಅತ್ತೆಯ ಕಂಪನಿ

ಸಿಂಗಾನಲ್ಲೂರಿನಲ್ಲಿ ಹಿಟ್ಟು ರುಬ್ಬುವ ಗ್ರೈಂಡರ್ ತಯಾರಿಸುವ ಒಬ್ಬರಿದ್ದಾರೆ. ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡದವರು. ಅವರಿಗೆ ಇಪ್ಪತ್ತೇಳು ಕೆಲಸಗಾರರು. ಹತ್ತು ಜನ ಆದರೆ ಇ.ಎಸ್.ಐ. ಅನ್ವಯಿಸುತ್ತದೆ, ಎಂದರೆ ಕೆಲಸಗಾರರಿಗೂ ಅವರ ಮನೆಯವರಿಗೂ ಆಸ್ಪತ್ರೆಯ ಸೌಲಭ್ಯ. ಇದನ್ನು ತಪ್ಪಿಸಲು ಅವರು ಬುದ್ಧಿ ಓಡಿಸಿದರು. ಒಂದು ಕಂಪನಿಯನ್ನು ಮೂರು ತುಂಡು ಮಾಡಿ, ಒಂಬತ್ತೊಂಬತ್ತು ಜನರಂತೆ ಹಂಚಿ, ಒಂದನ್ನು ತಮ್ಮ ಹೆಸರಿಗೆ, ಇನ್ನೊಂದನ್ನು ಹೆಂಡತಿಯ ಹೆಸರಿಗೆ, ಪ್ಯಾಕಿಂಗ್ ವಿಭಾಗವನ್ನು ಅತ್ತೆಯ ಹೆಸರಿಗೆ ಬರೆಸಿದರು.

"ಒಂದೇ ಗೇಟು, ಒಂದೇ ಕರೆಂಟ್ ಮೀಟರು. ಕೂಡಿಸಿ ಎಣಿಸ್ತಾರೆ ಸಾರ್, ನಿಲ್ಲಲ್ಲ" ಎಂದೆ.

"ನೀವು ಪೇಪರ್ ರೆಡಿ ಮಾಡಮ್ಮ, ನಿಲ್ಲಿಸೋದು ನಾನು" ಎಂದರು.

ಅವರ ಲೆಕ್ಕದಲ್ಲಿ ಒಂದೇ ತಪ್ಪಿತ್ತು. ಅತ್ತೆ ಮೂವತ್ತು ವರ್ಷ ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ಓದದೆ ಸಹಿ ಹಾಕುವ ಅಭ್ಯಾಸವೇ ಅವರಿಗಿರಲಿಲ್ಲ. ಅಳಿಯ ಗಡಿಯಾರ ನೋಡುತ್ತ ನಿಂತಿರುವಾಗ ಒಂದೊಂದು ಹಾಳೆಯನ್ನೂ ಓದಿ, ಎರಡು ಕಡೆ ಕಾಗುಣಿತ ತಿದ್ದಿ, ಕನ್ನಡಕದ ಮೇಲಿಂದ ನನ್ನನ್ನು ಕೇಳಿದರು, "ಏನಮ್ಮ, ಹಂಗಾದ್ರೆ ಪ್ಯಾಕಿಂಗಿಗೆ ನಾನೇ ಮುದಲಾಳಿಯಾ?"

"ಹೌದಮ್ಮ."

"ಸರಿ" ಎಂದು ಸಹಿ ಹಾಕಿದರು.

ಮೂರು ತಿಂಗಳು ಸುಮ್ಮನಿದ್ದರು. ಆಮೇಲೆ ಪ್ಯಾಕಿಂಗಿನ ಒಬ್ಬ ಹೆಂಗಸು, ಮಗಳ ಹೆರಿಗೆಗೆ ನಾಲ್ಕು ದಿನ ರಜೆ ಕೇಳಿದಳು. ಅಳಿಯ, "ಹೆರೋಳು ನೀನಾ, ಅವಳಾ?" ಎಂದು ಕೇಳಿ ಅರ್ಜಿ ಹರಿದರು. ಆ ಹೆಂಗಸು ಹೆಡ್‌ಮಿಸ್ಟ್ರೆಸಮ್ಮನ ಹಳೆಯ ವಿದ್ಯಾರ್ಥಿನಿ. ಅಳುತ್ತ ನೇರ ಅವರ ಮನೆಗೆ ಹೋದಳು.

ಮಾರನೆಯ ದಿನ ಬೆಳಿಗ್ಗೆ ಎಂಟಕ್ಕೆ ಅತ್ತೆ ಆಟೋದಲ್ಲಿ ಬಂದು ಇಳಿದರು. ಅಳಿಯನ ಕುರ್ಚಿಯಲ್ಲಿ ಕೂತರು. ರಜೆ ಮಂಜೂರು ಮಾಡಿದರು. ಅವರಿಂದಲೇ ನನಗೆ ಫೋನು ಬಂತು, ನಾನೂ ಹೋದೆ. ಹನ್ನೊಂದಕ್ಕೆ ಅಳಿಯ ಬಂದು ಬಾಗಿಲಲ್ಲಿ ಕಲ್ಲಾಗಿ ನಿಂತರು.

"ನನ್ನ ಕಂಪನೀಲಿ ಇವರು ಯಾರಮ್ಮ?" ಎಂದು ಅತ್ತೆ ನನ್ನನ್ನು ಕೇಳಿದರು.

"ಪೇಪರಿನಲ್ಲಿ ಯಾರೂ ಅಲ್ಲಮ್ಮ."

"ಯಾರೂ ಅಲ್ಲದವರು ನನ್ನ ಹೆಣ್ಣುಮಕ್ಕಳ ಅರ್ಜಿ ಹೆಂಗೆ ಹರಿದ್ರು? ಇವರನ್ನ ಮ್ಯಾನೇಜರ್ ಅಂತ ಹಾಕಮ್ಮ. ಸಂಬಳ ಬರಿ. ಆರು ತಿಂಗಳು ಪ್ರೊಬೇಷನ್."

ಅಳಿಯ ನಗುತ್ತಲೇ ಸಹಿ ಹಾಕಿದರು. ಮನೆಯಲ್ಲಿ ಹೆಂಡತಿಯ ಮುಖ ನೆನಪಾಗಿರಬೇಕು. ಸಹಿ ಒಣಗಿದ ಮೇಲೆ ನಾನು ಮೆಲ್ಲಗೆ ಹೇಳಿದೆ, "ಸಾರ್, ಒಂಬತ್ತಕ್ಕೆ ಒಂದು ಸೇರಿ ಹತ್ತಾಯ್ತು."

"ಹತ್ತಾದ್ರೆ ಏನಾಗುತ್ತೆ?" ಎಂದರು ಅತ್ತೆ. ನಾನು ಹೇಳಿದೆ. "ಓಹೋ, ಅದಕ್ಕಾ ನನ್ನ ಸಹಿ ಬೇಕಾಗಿದ್ದು?" ಎಂದು ಅಳಿಯನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದರು. ಆ ವಾರವೇ ಪ್ಯಾಕಿಂಗಿನ ಅಷ್ಟೂ ಹೆಂಗಸರ ಹೆಸರು ಇ.ಎಸ್.ಐ.ಗೆ ಹೋಯಿತು. ಅದನ್ನು ನೋಡಿ ಉಳಿದ ಎರಡು ತುಂಡಿನ ಹದಿನೆಂಟು ಜನವೂ ನಮಗೂ ಬೇಕೆಂದು ಗೇಟಿನ ಹತ್ತಿರ ಧರಣಿ ಕೂತರು. ಅಳಿಯ ಮೂರು ತುಂಡನ್ನೂ ಒಂದಕ್ಕೊಂದು ಅಂಟಿಸಬೇಕಾಯಿತು. ಒಟ್ಟು ಕಂಪನಿ ಯಾರ ಹೆಸರಿಗೆ ಎಂಬ ಪ್ರಶ್ನೆ ಬಂದಾಗ, ಹೆಂಡತಿ "ಅಮ್ಮನ ಹೆಸರಿಗೇ ಇರ್ಲಿ" ಎಂದುಬಿಟ್ಟರು.

ಇಷ್ಟಾಗಿ ಒಂದು ತಿಂಗಳಿಗೆ ಅಳಿಯ ನನ್ನ ಆಫೀಸಿಗೆ ಓಡಿಬಂದರು. ಕೈಯಲ್ಲಿ ನೋಟಿಸು. 'ತಾವು ಈ ತಿಂಗಳು ಏಳು ಸಲ ತಡವಾಗಿ ಬಂದಿರುತ್ತೀರಿ. ಕಾರಣ ತಿಳಿಸಿ.' ಕೆಂಪು ಶಾಯಿಯಲ್ಲಿ ಅತ್ತೆಯ ಸಹಿ.

"ಸ್ವಲ್ಪ ಲೇಟಾದ್ರೆ ನೋಟಿಸಾ? ಏಳು ದಿನದಲ್ಲಿ ಉತ್ತರ ಬೇಕಂತೆ, ಇಲ್ಲಾಂದ್ರೆ ವಿಚಾರಣೆ ಅಂತೆ! ದುಡಿಯೋರ್ನ ಕಾಪಾಡೋಕೆ ಈ ದೇಶದಲ್ಲಿ ಒಂದೂ ಕಾನೂನು ಇಲ್ವಾ ಅಮ್ಮ?" ಎಂದು ಕಣ್ಣು ತುಂಬಿಕೊಂಡರು.

"ಬೇಕಾದಷ್ಟಿದೆ ಸಾರ್" ಎಂದೆ. "ಆದರೆ ಅದೆಲ್ಲ ಕೆಲಸಗಾರರಿಗೆ. ನೀವು ಮ್ಯಾನೇಜರ್. ನಿಮಗೆ ಅನ್ವಯಿಸಲ್ಲ."

ಅವರು ನೋಟಿಸನ್ನು ನಾಲ್ಕಾಗಿ ಮಡಿಸಿ ಜೇಬಿಗೆ ತುರುಕಿದರು. ಕೊನೆಗೆ ತಲೆ ಎತ್ತಿ, ಧ್ವನಿ ತಗ್ಗಿಸಿ ಕೇಳಿದರು:

"ಹಂಗಾದ್ರೆ ನನ್ನನ್ನ ಪ್ಯಾಕಿಂಗ್ ಕೆಲಸಕ್ಕೆ ಹಾಕಿಸಿಬಿಡಮ್ಮ."