ಟೀಚರಮ್ಮನನ್ನು ಕೊಂದ ಕಥೆ

ನಾಟಕ ಆಡಿಸುವವನಿಗೆ ರಂಗದ ಮೇಲೆ ಆಗುವ ಅನಾಹುತಕ್ಕಿಂತ ರಂಗದ ಕೆಳಗೆ ಆಗುವ ಅನಾಹುತವೇ ಹೆಚ್ಚು. ಒಂದನ್ನು ಸುಧಾರಿಸಿಕೊಂಡು ಉಸ್ಸಪ್ಪಾ ಅಂತ ಕೂರುವಷ್ಟರಲ್ಲಿ ಇನ್ನೊಂದು ಬಾಗಿಲು ತಟ್ಟುತ್ತದೆ. ನಾನು ಕನಕಪುರದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವನು. ಸಂಜೆ ಹೊತ್ತು ಊರಿನ ನಾಟಕ ಮಂಡಳಿಯ ಜೊತೆ ಓಡಾಡುವುದು ನನ್ನ ಚಟ. ಕೆಳಗಿನವೆಲ್ಲ ಒಂದೇ ನಾಟಕದ ಕಾಲದಲ್ಲಿ ಆದವು. ಆಗ ನನಗೆ ನಗು ಬಂದಿರಲಿಲ್ಲ. ಊಟ ಸೇರುತ್ತಿರಲಿಲ್ಲ ಅನ್ನುವುದೇ ಸರಿ.

ಮಧ್ಯೆ ಏನೈತೆ?

ನಮ್ಮ ಮಂಡಳಿಯವರು ಆಡುತ್ತಿದ್ದುದು ಕುರುಕ್ಷೇತ್ರ ಒಂದೇ. ಆ ವರ್ಷ ದುರ್ಯೋಧನನ ಪಾತ್ರಕ್ಕೆ ಮೂವರು ಹಟ ಹಿಡಿದು, ಒಬ್ಬರಿಗೊಬ್ಬರು ಮಾತು ಬಿಟ್ಟು, ಕೊನೆಗೆ ಭೀಮನಾಗಲು ಯಾರೂ ಸಿಗದೆ ನಾಟಕವೇ ನಿಂತಿತು. ಆ ಬೇಸರದಲ್ಲಿ ನಾನು ಬಾಯಿ ತೆರೆದೆ. ರಷ್ಯಾದ ಹಳೆಯ ಕಾದಂಬರಿಯೊಂದಿದೆ, ಬಡ ವಿದ್ಯಾರ್ಥಿಯೊಬ್ಬ ಒಬ್ಬ ಮುದುಕಿಯನ್ನು ಕೊಡಲಿಯಿಂದ ಹೊಡೆದು ಕೊಲ್ಲುತ್ತಾನೆ, ಅದನ್ನು ನಾಟಕ ಮಾಡಿಕೊಡುತ್ತೇನೆ ಅಂದೆ.

ಮಂಡಳಿಯ ಹಿರಿಯರು ವಿರೂಪಾಕ್ಷಿಪುರದ ಹಾರ್ಮೋನಿಯಂ ಮೇಷ್ಟ್ರು. ಅವರು ಕೇಳಿದರು, "ಕೊಲೆ ಯಾವಾಗ ಆಯ್ತದೆ?"

"ಶುರುವಿನಲ್ಲೇ."

"ಹಿಡ್ಕೊಳದು?"

"ಕೊನೆಗೆ. ಹಿಡಿಯೋದಲ್ಲ, ಅವನೇ ಹೋಗಿ ಒಪ್ಕೋತಾನೆ."

"ಮಧ್ಯೆ ಏನೈತೆ?"

"ಮಧ್ಯೆ ಅವನು ಚಿಂತೆ ಮಾಡ್ತಾನೆ."

ಎಲ್ಲರೂ ಮುಖ ಮುಖ ನೋಡಿಕೊಂಡರು. ಕಾದಂಬರಿ ಎಷ್ಟು ದಪ್ಪ ಅಂತ ಮೇಷ್ಟ್ರು ಕೈಯಲ್ಲೇ ಕೇಳಿದರು. ನಾನೂ ಕೈಯಲ್ಲೇ ತೋರಿಸಿದೆ.

"ಅಷ್ಟೂ ಚಿಂತೇನೇ?"

"ಅಷ್ಟೂ."

ಕೆಲಸ ಕೆಟ್ಟಿತು ಅಂದುಕೊಂಡೆ. ಮೂಲೆಯಲ್ಲಿ ಅಂಗನವಾಡಿಯಿಂದ ನಿವೃತ್ತರಾದ ಟೀಚರಮ್ಮ ಕೂತಿದ್ದರು. ಪ್ರತಿ ವರ್ಷ ಕುಂತಿಯಾಗಿ ಅಳುವವರು ಅವರೇ. "ಒಳ್ಳೆ ಮನೆ ಹುಡ್ಗ ಇರ್ಬೇಕು," ಅಂದರು. "ಕೆಟ್ಟೋನಾಗಿದ್ರೆ ಉಂಡು ಮನೀಕೊತಿದ್ದ."

ಕಾದಂಬರಿಯನ್ನು ನಾನು ಹುಡುಗರಿಗೆ ಎಷ್ಟೋ ವರ್ಷ ವಿವರಿಸಿದ್ದೇನೆ. ಇಷ್ಟು ಬೇಗ ಯಾವತ್ತೂ ಮುಗಿಸಿರಲಿಲ್ಲ.

ಹೊಡೆಯಲು ಬಾರದ ಕೊಲೆಗಾರ

ವಿದ್ಯಾರ್ಥಿಯ ಪಾತ್ರಕ್ಕೆ ಸಿಕ್ಕಿದವನು ಹಾರೋಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುವ ಹುಡುಗ. ಹುಡುಗ ಅಂದರೆ ನಮ್ಮ ಲೆಕ್ಕಕ್ಕೆ. ಮದುವೆಯಾಗಿತ್ತು. ಸಣಕಲು ದೇಹ, ಒಳಗೆ ಹೋದ ಕಣ್ಣು, ನೋಡಿದರೆ ಏನೋ ಕಳೆದುಕೊಂಡವನ ಹಾಗಿದ್ದ. ಪಾತ್ರಕ್ಕೆ ಹೇಳಿ ಮಾಡಿಸಿದವನು. ಒಂದೇ ಒಂದು ತೊಡಕು. ಕೊಲೆಯಾಗುವ ಮುದುಕಿ ನಮ್ಮ ಟೀಚರಮ್ಮ, ಮತ್ತು ಇವನು ಚಿಕ್ಕಂದಿನಲ್ಲಿ ಅವರ ಅಂಗನವಾಡಿಯಲ್ಲೇ ಕೂತು ಉಪ್ಪಿಟ್ಟು ತಿಂದವನು.

ತಾಲೀಮಿನಲ್ಲಿ ರಟ್ಟಿನ ಕೊಡಲಿ ಎತ್ತುತ್ತಿದ್ದ. ಟೀಚರಮ್ಮ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಕೊಡಲಿ ಮೇಲೇ ಉಳಿಯುತ್ತಿತ್ತು.

"ಹೊಡಿಯಪ್ಪ," ಅಂತ ಟೀಚರಮ್ಮ ತಿರುಗದೆಯೇ ಹೇಳುವರು.

"ಆಯ್ತಾ ಇಲ್ಲ ಟೀಚರಮ್ಮ."

"ನನ್ನ ನೋಡ್ಬ್ಯಾಡ. ಕಣ್ಮುಚ್ಕೊಂಡು ಹೊಡಿ."

ಅವನು ಕಣ್ಣು ಮುಚ್ಚಿ ಹೊಡೆದ. ಏಟು ಹಾರ್ಮೋನಿಯಂ ಮೇಲೆ ಬಿತ್ತು. ಮೇಷ್ಟ್ರು ಪೆಟ್ಟಿಗೆಯನ್ನು ಮಗುವಿನ ಹಾಗೆ ತಬ್ಬಿಕೊಂಡು ದೂರ ಹೋಗಿ ಕೂತರು. ಕೊಲೆಯೇ ಆಗದಿದ್ದರೆ ಪಶ್ಚಾತ್ತಾಪ ಎಲ್ಲಿಂದ ತರುವುದು?

ಟೀಚರಮ್ಮ ಅವನ ಪಕ್ಕ ಕೂತು ಸಮಾಧಾನ ಹೇಳಿದರು. "ಅಲ್ಲ ಕಣೋ, ಮೂರ್ವರ್ಷದೋನಿದ್ದಾಗ ಸ್ಲೇಟ್ ತಕೊಂಡು ಎಲ್ರ ತಲೆಗೂ ಬಾರಿಸ್ತಿದ್ದೆ. ನಾನೇ ಬ್ಯಾಡ ಅಂತ ಕಲಿಸ್ದೆ. ಈಗ ನೋಡು, ನನ್ ಪಾಠ ನನಗೇ ತಿರುಗೇಟು."

ಬಸ್ಸಿನಲ್ಲಿ ಕೊಡಲಿ

ಒಂದು ದಿನ ಹುಡುಗನೇ ಬಂದು, "ಸಾರ್, ರಟ್ಟಿನ ಕೊಡ್ಲಿ ಹಿಡ್ದ್ರೆ ಕೈಗೆ ಪಾಪ ಅಂಟಲ್ಲ. ನಿಜವಾದ್ದು ತತ್ತೀನಿ," ಅಂದ. ಕಲಾವಿದನ ಶ್ರದ್ಧೆ ಅಂತ ಮೆಚ್ಚಿ ಒಪ್ಪಿದೆ. ಅಲಗು ಮೊಂಡಾಗಿರುವ ಹಳೆಯದು ತಾ ಅಂದೆ.

ಕಾದಂಬರಿಯಲ್ಲಿ ಆ ವಿದ್ಯಾರ್ಥಿ ಕೊಡಲಿಯನ್ನು ಕೋಟಿನೊಳಗೆ ಕಂಕುಳಿಗೆ ಸಿಕ್ಕಿಸಿಕೊಂಡು ಹೋಗುತ್ತಾನೆ. ನಮ್ಮವನೂ ಹಾಗೇ ಅಭ್ಯಾಸ ಮಾಡಲು ಹೊರಟ. ಕೆಲಸ ಮುಗಿಸಿ, ಜರ್ಕಿನ್ ಒಳಗೆ ಕೊಡಲಿ ಸಿಕ್ಕಿಸಿಕೊಂಡು ಹಾರೋಹಳ್ಳಿಯಲ್ಲಿ ಕನಕಪುರದ ಬಸ್ಸು ಹತ್ತಿದ. ಸೀಟಿರಲಿಲ್ಲ. ನಿಂತುಕೊಂಡೇ ಮಾತು ಉರು ಹೊಡೆಯುತ್ತಾ ಬಂದ. "ಆ ಮುದುಕಿ ಇದ್ದರೆ ಯಾರಿಗೆ ಲಾಭ, ಹೋದರೆ ಯಾರಿಗೆ ನಷ್ಟ." ಪಕ್ಕದ ಸೀಟಿನಲ್ಲಿ ಕೂತಿದ್ದ ಅಜ್ಜಿ ಅವನನ್ನೇ ನೋಡುತ್ತಿದ್ದರಂತೆ. ತಿರುವಿನಲ್ಲಿ ಬಸ್ಸು ವಾಲಿತು. ಇವನು ಮೇಲಿನ ಕಂಬಿ ಹಿಡಿಯಲು ಕೈ ಎತ್ತಿದ. ಕೊಡಲಿ ಜಾರಿ ಅಜ್ಜಿಯ ಕಾಲ ಬಳಿ ಬಿತ್ತು.

ಬಸ್ಸು ನೇರವಾಗಿ ಪೊಲೀಸ್ ಸ್ಟೇಷನ್ ಮುಂದೆ ಬಂದು ನಿಂತಿತು.

ನನಗೆ ಫೋನು ಬಂತು. ಹೋಗಿ ನೋಡಿದರೆ ಹುಡುಗ ಬೆಂಚಿನ ತುದಿಯಲ್ಲಿ ಮುದುರಿ ಕೂತಿದ್ದಾನೆ. ಕೊಡಲಿ ಮೇಜಿನ ಮೇಲಿದೆ. ನಾಟಕ ಅಂತ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಇನ್ಸ್‌ಪೆಕ್ಟರ್ ಮುಖ ಕಂಡ ಕೂಡಲೇ ಅವನ ನಾಲಿಗೆ ಒಣಗಿ ಹೋಗಿತ್ತು. ಯಾರನ್ನ ಹೊಡೆಯೋಕೆ ಅಂತ ಕೇಳಿದ್ದಕ್ಕೆ, "ನಮ್ ಟೀಚರಮ್ಮನ್ನ," ಅಂತಷ್ಟೇ ಹೇಳಿದ್ದಾನೆ.

ನಾನು ವಿವರಿಸಿದೆ. ರಷ್ಯಾ ಅಂದೆ, ಆತ್ಮಸಾಕ್ಷಿ ಅಂದೆ. ನಾನು ಮಾತಾಡಿದಷ್ಟೂ ಇನ್ಸ್‌ಪೆಕ್ಟರ್ ಹುಬ್ಬು ಗಂಟಾಗುತ್ತಾ ಹೋಯಿತು. ಕೊನೆಗೆ ಟೀಚರಮ್ಮನನ್ನೇ ಕರೆಸಿದರು. ಅವರು ಬಂದು ಹುಡುಗನನ್ನು ನೋಡಿ, ಕೊಡಲಿ ನೋಡಿ, ನಿಧಾನವಾಗಿ ಹೇಳಿದರು.

"ಹೂಂ ಸಾರ್, ನನ್ನ ಹೊಡೆಯಕ್ಕೇ ತಂದವ್ನೆ. ಎರಡು ವಾರದಿಂದ ಹೇಳ್ಕೊಡ್ತಾ ಇವ್ನಿ, ಇನ್ನೂ ಸರಿಯಾಗಿ ಹೊಡೆಯಕ್ಕೆ ಬರದಿಲ್ಲ."

ಪಾತ್ರೆ ತೊಳೆದ ಗಂಡ

ಆ ಘಟನೆಯಾದ ಮೇಲೆ ಹುಡುಗನ ನಟನೆಗೆ ಕಳೆ ಬಂತು. ಏಟು ಸರಿಯಾಗಿ ಬೀಳತೊಡಗಿತು. ನೋಟ ಅಲೆದಾಡತೊಡಗಿತು. ಯಾರಾದರೂ ಹಿಂದಿನಿಂದ ಕೂಗಿದರೆ ಬೆಚ್ಚುತ್ತಿದ್ದ. ನಾನು ಒಳಗೊಳಗೇ ಖುಷಿಪಡುತ್ತಿದ್ದಾಗ ಒಂದು ಬೆಳಗ್ಗೆ ಅವನ ಹೆಂಡತಿ ಕಾಲೇಜಿಗೇ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ಕಣ್ಣು ಕೆಂಪಾಗಿತ್ತು.

"ಸಾರ್, ನಮ್ಮನೆಯವ್ರು ಏನೋ ಮಾಡ್ಬಂದವ್ರೆ."

ನಾನು ಕುರ್ಚಿ ಬಿಟ್ಟು ಎದ್ದೆ. "ಏನಮ್ಮ, ಏನಾಯ್ತು?"

"ಊಟ ಮುಂದಿಟ್ರೆ ತಟ್ಟೆ ನೋಡ್ತಾ ಕೂತಿರ್ತಾರೆ. ಏನ್ರೀ ಅಂದ್ರೆ, ನಾನು ಒಳ್ಳೆಯವನಾ ಅಂತ ನನ್ನೇ ಕೇಳ್ತಾರೆ."

"ಅದು ನಾಟಕದ ಪಾತ್ರ ಕಣಮ್ಮ. ಆ ಮನುಷ್ಯನಿಗೆ ಪಾಪಪ್ರಜ್ಞೆ. ಅದನ್ನ ಇವನು ಮೈಗೂಡಿಸ್ಕೋತಿದಾನೆ."

"ಅವ್ರೂ ಹಂಗೇ ಅಂತಾರೆ ಸಾರ್. ನಾನು ನಂಬಿದ್ದೆ. ಆದ್ರೆ ಮೊನ್ನೆ ಪಾತ್ರೆ ತೊಳ್ದವ್ರೆ. ನಿನ್ನೆ ನಮ್ಮಮ್ಮನ್ಗೆ ಅವ್ರೇ ಫೋನ್ ಮಾಡಿ, ಅತ್ತೆ ಚೆನ್ನಾಗಿದ್ದೀರಾ ಅಂತ ಕೇಳವ್ರೆ. ಮದ್ವೆ ಆದಾಗಿಂದ ಕೇಳಿರ್ಲಿಲ್ಲ. ಏನೂ ಮಾಡ್ದೋರು ಯಾರಾದ್ರೂ ಹಿಂಗೆಲ್ಲಾ ಮಾಡ್ತಾರಾ ಸಾರ್?"

ತಪ್ಪು ಮಾಡಿದವನು ಒಳ್ಳೆಯದು ಮಾಡಿ ಮನಸ್ಸಿನ ಭಾರ ಇಳಿಸಿಕೊಳ್ಳಲು ನೋಡುತ್ತಾನೆ, ಕಾದಂಬರಿಯಲ್ಲೂ ಹಾಗೇ ಇದೆ ಅಂತ ಬಹಳ ಹೊತ್ತು ಹೇಳಿದೆ. ಪುಸ್ತಕ ತೆಗೆದು ತೋರಿಸಿದೆ. ಅವಳಿಗೆ ನಿಧಾನವಾಗಿ ನಂಬಿಕೆ ಬಂತು. ಸೆರಗಲ್ಲಿ ಕಣ್ಣು ಒರೆಸಿಕೊಂಡು ಎರಡು ಹೆಜ್ಜೆ ಹೋದವಳು ತಿರುಗಿ ಬಂದಳು.

"ಸಾರ್, ನಾಟ್ಕ ಒಸಿ ಮುಂದಕ್ಕೆ ಹಾಕಕ್ಕೆ ಆಗದಿಲ್ವಾ?"

ದಫೇದಾರರ ನಗು

ತನಿಖೆ ಮಾಡುವ ಅಧಿಕಾರಿಯ ಪಾತ್ರಕ್ಕೆ ಚನ್ನಪಟ್ಟಣದಲ್ಲಿ ನೆಲೆಸಿದ್ದ ನಿವೃತ್ತ ಪೊಲೀಸ್ ದಫೇದಾರರನ್ನು ಕರೆತಂದಿದ್ದೆವು. ದೊಡ್ಡ ಮೀಸೆ, ಗಟ್ಟಿ ಗಂಟಲು. ಆದರೆ ಆ ಅಧಿಕಾರಿ ಕಾದಂಬರಿಯಲ್ಲಿ ಗದರುವುದೇ ಇಲ್ಲ. ಕೊಲೆಗಾರ ಯಾರೆಂದು ಗೊತ್ತಿದ್ದೂ, ಅದೂ ಇದೂ ಮಾತಾಡುತ್ತಾ ನಗುತ್ತಾ ಕೂರುತ್ತಾನೆ. ಉಳಿದ ಕೆಲಸ ಆತ್ಮಸಾಕ್ಷಿಯದು.

ದಫೇದಾರರಿಗೆ ಇದು ಜೀರ್ಣವಾಗಲಿಲ್ಲ. ಹುಡುಗ ಒಳಗೆ ಬಂದ ಕೂಡಲೇ, "ಮುದುಕೀನ ಹೊಡ್ದೋನು ನೀನೇ ಅಲ್ವೇನ್ಲಾ?" ಅಂತ ಗುಡುಗುತ್ತಿದ್ದರು. ಹುಡುಗ ಹೆದರಿ, "ಹೂಂ ಸಾರ್," ಅಂದುಬಿಡುತ್ತಿದ್ದ. ನಾಟಕ ಅಲ್ಲಿಗೇ ಮುಗಿಯುತ್ತಿತ್ತು.

"ದಫೇದಾರ್ರೇ, ಕೇಳಬಾರದು. ಸುಮ್ಮನೆ ನಗಬೇಕು," ಅಂದೆ.

"ಗೊತ್ತಿದ್ದೂ ಕೇಳ್ಬಾರ್ದಾ?"

"ಕೇಳಬಾರದು."

"ಆತ್ಮಸಾಕ್ಷಿ ನಂಬ್ಕೊಂಡು ಕೂತಿದ್ರೆ ನಾನು ಒಂದ್ ಕೇಸೂ ಮಾಡಕ್ಕೆ ಆಗ್ತಿರ್ಲಿಲ್ಲ ಸಾರ್," ಅಂತ ಗೊಣಗಿದರು. ಆದರೂ ನನ್ನ ಮಾತಿಗೆ ಬೆಲೆ ಕೊಟ್ಟು ಕುರ್ಚಿಯಲ್ಲಿ ಕೂತು, ಮೀಸೆ ಸರಿಮಾಡಿಕೊಂಡು, ನಕ್ಕರು.

ಅಂಥ ನಗುವನ್ನು ನಾನು ಎಲ್ಲೂ ನೋಡಿಲ್ಲ. ಹಲ್ಲು ಕಾಣುವುದಿಲ್ಲ. ಕಣ್ಣು ಮಿಟುಕುವುದಿಲ್ಲ. ಆ ನಗು ಹುಡುಗನ ಮೇಲಿಂದ ಮೆಲ್ಲಗೆ ತಿರುಗಿ ನನ್ನ ಮೇಲೆ ಬಂತು. ಏನೂ ಮಾಡದ ನಾನು ಏನೋ ಮಾಡಿದ್ದೇನೆಯೇ ಅಂತ ಯೋಚಿಸತೊಡಗಿದೆ. ಅಲ್ಲಿಂದ ಅದು ಹಾರ್ಮೋನಿಯಂ ಮೇಷ್ಟ್ರ ಮೇಲೆ ಹೋಗಿ ನಿಂತಿತು. ಮೇಷ್ಟ್ರ ಬೆರಳು ಸ್ವರ ತಪ್ಪಿತು. ಶ್ರುತಿ ನಿಂತಿತು.

"ಹೋದ್ವರ್ಷ ಕಾಣೆಯಾದ ಮಂಡಳಿ ತಬಲಾ ಕಳುವಾಗಿಲ್ಲ," ಅಂದರು ಮೇಷ್ಟ್ರು, ತಲೆ ತಗ್ಗಿಸಿ. "ಮಾಗಡೀಲಿ ನನ್ ಅಳಿಯನ ಮನೇಲೈತೆ. ನಾಳೆ ತತ್ತೀನಿ."

ದಫೇದಾರರು ನನ್ನ ಕಡೆ ಬಾಗಿ ಪಿಸುಗುಟ್ಟಿದರು. "ಸುಮ್ನೆ ನಕ್ರೆ ಸಾಕು ಅನ್ನೋ ಸಂಗ್ತಿ ನಾನು ಸರ್ವೀಸಲ್ಲಿದ್ದಾಗ್ಲೇ ಹೇಳ್ಬಾರ್ದಾಗಿತ್ತಾ ಸಾರ್?"

ಒಪ್ಕೋಬ್ಯಾಡ ಕಣ್ಲಾ

ನಾಟಕ ಒಂದು ಭಾನುವಾರ ಮಧ್ಯಾಹ್ನ, ಕಲ್ಯಾಣ ಮಂಟಪವೊಂದರಲ್ಲಿ. ಸುತ್ತಲಿನ ಹಳ್ಳಿಗಳಿಂದ ಜನ ಕಿಕ್ಕಿರಿದು ಬಂದಿದ್ದರು. ಕುರುಕ್ಷೇತ್ರ ನೋಡಿ ಬೆಳೆದ ಜನ. ಗದೆ ಇಲ್ಲ, ಕಿರೀಟ ಇಲ್ಲ, ಮೂರು ಗಂಟೆ ಒಬ್ಬ ಚಿಂತೆ ಮಾಡುವುದನ್ನು ಇವರು ಹೇಗೆ ಸಹಿಸುತ್ತಾರೆ ಅಂತ ಪರದೆಯ ಪಕ್ಕ ಮಾತು ಹೇಳಿಕೊಡಲು ನಿಂತಿದ್ದ ನಾನು, ಯಾರು ಮೊದಲು ಎದ್ದು ಹೋಗುತ್ತಾರೋ ಎಂದು ಬಾಗಿಲನ್ನೇ ನೋಡುತ್ತಿದ್ದೆ.

ಕೊಲೆ ಸುಸೂತ್ರವಾಗಿ ಆಯಿತು. ಟೀಚರಮ್ಮ ಚೆನ್ನಾಗಿಯೇ ಸತ್ತರು. ಆಮೇಲೆ ಹುಡುಗ ಚಿಂತೆ ಶುರುಮಾಡಿದ. ಮೇಷ್ಟ್ರು ದುಃಖದ ರಾಗ ಮುಖಾರಿ ಹಿಡಿದರು. ಆಶ್ಚರ್ಯವೆಂದರೆ ಒಬ್ಬರೂ ಎದ್ದು ಹೋಗಲಿಲ್ಲ. ದಫೇದಾರರು ಬಂದು ಜನರ ಕಡೆ ತಿರುಗಿ ನಕ್ಕಾಗಲಂತೂ ಮೊದಲ ಸಾಲಿನವರು ಕಾಲು ಮಡಿಚಿಕೊಂಡು ಕೂತರು. ಹುಡುಗನ ಸಂಕಟ ನೋಡಿ ಜನಕ್ಕೂ ಸಂಕಟ ಹತ್ತಿತ್ತು. ಸೀರೆ ಬದಲಾಯಿಸಿದ ಟೀಚರಮ್ಮ ಹೊರಗೆ ಹೋಗಿ ಜನರ ನಡುವೆ ಮೊದಲ ಸಾಲಿನಲ್ಲಿ ಕೂತದ್ದನ್ನು ನಾನು ಗಮನಿಸಲಿಲ್ಲ. ತಾವು ಸತ್ತ ಮೇಲೆ ಏನಾಗುತ್ತದೆ ಅಂತ ಅವರು ತಾಲೀಮಿನಲ್ಲಿ ಪೂರ್ತಿ ನೋಡಿಯೇ ಇರಲಿಲ್ಲವಂತೆ.

ಕೊನೆಯ ದೃಶ್ಯ. ಹುಡುಗ ನಾಲ್ಕು ದಾರಿ ಕೂಡುವ ಕಡೆ ಮಂಡಿಯೂರಿ, ನೆಲ ಮುಟ್ಟಿ, ಕೊಂದವನು ನಾನೇ ಅಂತ ಎಲ್ಲರೆದುರು ಹೇಳಬೇಕು. ದಫೇದಾರರು ಕೈಕೋಳ ಹಿಡಿದು ಹಿಂದೆ ನಿಂತಿದ್ದಾರೆ. ಹುಡುಗ ಮಂಡಿಯೂರಿದ. "ಕೊಂದವನು," ಅಂದ.

ನಡುವಿನ ಸಾಲಿನಿಂದ ಟವೆಲ್ ಹೊದ್ದ ರೈತರೊಬ್ಬರು ಎದ್ದು ನಿಂತರು. "ಒಪ್ಕೋಬ್ಯಾಡ ಕಣ್ಲಾ. ಯಾರೂ ನೋಡಿಲ್ಲ."

ಹುಡುಗ ಬಾಯಿ ತೆರೆದವನು ಹಾಗೇ ಉಳಿದ.

"ಹೌದು ಕಣಪ್ಪ," ಅಂದರು ಇನ್ನೊಂದು ಕಡೆಯಿಂದ. "ಸಾಕ್ಷಿ ಎಲ್ಲೈತೆ? ಎದ್ದು ಮನೆಗೋಗು. ಹೆಂಡ್ರು ಕಾಯ್ತಾ ಇರ್ತಾಳೆ."

ರಾಮನಗರದಿಂದ ಬಂದಿದ್ದ ವಕೀಲರೊಬ್ಬರು ಕರಿಕೋಟು ಇಲ್ಲದಿದ್ದರೂ ಸುಮ್ಮನಿರಲಾರದೆ ಹೋದರು. "ಪೊಲೀಸರ ಮುಂದೆ ಒಪ್ಕೊಂಡಿದ್ದು ಕೋರ್ಟಲ್ಲಿ ನಿಲ್ಲೋದಿಲ್ಲ. ಹೆದರ್ಕೊಳ್ದೆ ಹೇಳಪ್ಪ, ಆಮೇಲೆ ನೋಡ್ಕೊಳಣ."

ಸಭೆ ಎರಡು ಪಕ್ಷವಾಯಿತು. ಹೇಳು ಅನ್ನುವವರು ಒಂದಷ್ಟು, ಬೇಡ ಅನ್ನುವವರು ಒಂದಷ್ಟು. ನಾನು ಪರದೆಯ ಮರೆಯಿಂದ, "ನಾನೇ, ನಾನೇ," ಅಂತ ಮಾತು ಎತ್ತಿಕೊಡುತ್ತಿದ್ದೇನೆ. ಹುಡುಗನಿಗೆ ಕೇಳಿಸುತ್ತಿಲ್ಲ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಅದು ನಟನೆಯಲ್ಲ ಅಂತ ಹತ್ತಿರವಿದ್ದ ನನಗೆ ಗೊತ್ತಾಯಿತು. ಇಷ್ಟು ದಿನ ಕಟ್ಟಿಕೊಂಡಿದ್ದೆಲ್ಲ ಒಟ್ಟಿಗೇ ಒಡೆದಿತ್ತು. ಮಾತು ಹೊರಡುತ್ತಿಲ್ಲ, ಏಳಲೂ ಆಗುತ್ತಿಲ್ಲ. ನನಗೆ ನಿಜವಾಗಿಯೂ ಭಯವಾಯಿತು. ಪರದೆ ಎಳೆಯಿರಿ ಅನ್ನಲು ಕೈ ಎತ್ತಿದೆ.

ಅಷ್ಟರಲ್ಲಿ ಮೊದಲ ಸಾಲಿನಿಂದ ಟೀಚರಮ್ಮ ಎದ್ದರು.

ಎರಡೂ ಪಕ್ಷದವರು ಕತ್ತು ಚಾಚಿ ನೋಡಿದರು. ಸತ್ತ ಮುದುಕಿ ಎದ್ದು ನಡೆದು ಬರುತ್ತಿದ್ದಳು. ಟೀಚರಮ್ಮ ರಂಗದ ಅಂಚಿಗೆ ಬಂದು, ಕೈ ಚಾಚಿ, ಅವನ ತಲೆ ಮುಟ್ಟಿದರು.

"ಏಳಪ್ಪ. ನಂಗೇನೂ ಆಗಿಲ್ಲ. ನೀನು ಒಳ್ಳೆಯವ್ನೇ."

ಹುಡುಗ ಅವರ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಬೇಡ ಅಂದ ರೈತರೂ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು. ನಾನು ತಿದ್ದಿ ತಿದ್ದಿ ಬರೆದ ಕೊನೆಯ ಪುಟ ಕೈಯಲ್ಲೇ ಉಳಿಯಿತು.

ರಂಗದ ಮೇಲೆ ಏನು ಮಾಡುವುದೆಂದು ತಿಳಿಯದೆ ಉಳಿದವರು ದಫೇದಾರರು ಒಬ್ಬರೇ. ಕೈಕೋಳವನ್ನು ಒಮ್ಮೆ ನೋಡಿದರು, ಟೀಚರಮ್ಮನನ್ನು ಒಮ್ಮೆ ನೋಡಿದರು. ಆಮೇಲೆ ಪರದೆಯ ಕಡೆ ತಿರುಗಿ, ಇಡೀ ಸಭೆಗೆ ಕೇಳುವ ಗಂಟಲಿನಲ್ಲಿ ನನ್ನನ್ನು ಕೇಳಿದರು.

"ಸಾರ್, ಸತ್ತೋರೇ ಬಂದು ರಾಜಿ ಮಾಡ್ಕೊಂಡ್ಬುಟ್ರು. ನಾನೀಗ ಯಾವ ಸೆಕ್ಷನ್ ಹಾಕ್ಲಿ?"