ಎಮ್ಮಿ ಆ್ಯಪ್‌ನಾಗ ನಮ್ಮಕ್ಕನ ದನಿ

ನಮ್ಮ ಸಂಸ್ಥೆಯಲ್ಲಿ ಹೊಸದೇನರ ಮಾಡಿದರ ಒಂದು ಫಜೀತಿ ಆಗದ ಬಿಡೂದಿಲ್ಲ. ಆದಾಗೊಮ್ಮೆ ಎಲ್ಲಾರೂ ನನ್ನ ಮುಖಾನ ನೋಡ್ತಾರ. ಅರ್ಧ ಸಲ ತಪ್ಪು ನಂದಲ್ಲ.

ಬೈಲಹೊಂಗಲದ ನಮ್ಮ ಆಫೀಸಿನವರು ಎಮ್ಮಿ ಸಾಕಿದ ಹೆಣ್ಣಮಕ್ಕಳಿಗೆ ಒಂದು ಆ್ಯಪ್ ಮಾಡ್ಯಾರ. ಲಸಿಕಿ ಹಾಕಿಸೋ ದಿನ ಅದು ಬಾಯಿಲೆ ಹೇಳ್ತದ. ಆ ದನಿ ನಮ್ಮಕ್ಕಂದು. ಮೊದಲು ಆಕೀನ ಇಲ್ಲಿ ಕೆಲಸಕ್ಕಿದ್ದಳು, ಲಗ್ನಾಗಿ ರಾಮದುರ್ಗಕ್ಕ ಹೋದಳು. ಒಂಬತ್ತನೇತ್ತಕ್ಕ ಸಾಲಿ ಬಿಟ್ಟ ನಾನು ಅದೇ ಆ್ಯಪ್ ಒತ್ತಿ ಪರೀಕ್ಷೆ ಮಾಡೋ ಕೆಲಸಕ್ಕ ಬಂದೆ. ಅಕ್ಕನ ಲಗ್ನದಾಗ ಆಕಿ ಗಂಡನ ಚಪ್ಪಲಿ ಬಚ್ಚಿಟ್ಟಿದ್ದೆ. ಎಷ್ಟು ಚಲೋ ಬಚ್ಚಿಟ್ಟೆನಂದ್ರ ನನಗೂ ಸಿಗಲಿಲ್ಲ. ಅವರು ಬರಿಗಾಲಲ್ಲೇ ಗಾಡಿ ಹತ್ತಿದರು. ಅದಕ್ಕ ಹೋದ ನಾಗರ ಪಂಚಮಿಗೆ ಅಕ್ಕನ್ನ ತವರಿಗೆ ಕರಿಯಾಕ ಹೋಗೋ ಧೈರ್ಯ ಆಗಲಿಲ್ಲ. ತಮ್ಮ ಹೋಗದ ಆಕಿ ಬರೂದು ಹೆಂಗ? ಜೋಕಾಲಿ ಖಾಲಿ ತೂಗಿತು. ನೆನಪಾದಾಗ ಲಸಿಕಿ ಗುಂಡಿ ಒತ್ತಿ ಕೇಳ್ತೇನಿ. ನಮ್ಮ ಮನ್ಯಾಗ ಎಮ್ಮಿ ಇಲ್ಲ.

೧. ಊದಿನಕಡ್ಡಿ

ಆ್ಯಪ್ ಮೊದಲು ಮೇಜಿನ ಕೆಳಗಿನ ಹಳೇ ಕಂಪ್ಯೂಟರಿನಲ್ಲಿತ್ತು. ಪ್ರತಿ ಸೋಮವಾರ ದೊಡ್ಡ ಸರ್ ಅದಕ್ಕ ಊದಿನಕಡ್ಡಿ ಬೆಳಗೋರು. ಇಂಜಿನಿಯರ್ ಮೇಡಂ ಬಂದು ಎಲ್ಲಾ ಕ್ಲೌಡಿಗೆ ಏರಿಸಿದರು. ಸೋಮವಾರ ಸರ್ ಕಡ್ಡಿ ಹಿಡಕೊಂಡು, ಇನ್ನ ಯಾವ ಕಡೆ ಬೆಳಗ್ಲಿ ಅಂತ ನನ್ನ ಕೇಳಿದರು. ಕ್ಲೌಡ್ ಅಂದ್ರ ಮೋಡ ಅಲ್ಲೇನ್ರಿ, ಮಾಳಗಿ ಹತ್ರಿ ಅಂದೆ. ಹತ್ತೇಬಿಟ್ಟರು. ಮೇಡಂ ನಗತಾರ ಅಂದ್ಕೊಂಡ್ರ, ಅವರೂ ಹಿಂದ ಹೋಗಿ ಕೈ ಮುಗಿದರು. ಅವತ್ತ ಹೊಸ ಕೋಡ್ ಬಿಡೋದಿತ್ತು.

೨. ಸಾಹೇಬರ ದನಿ

ಮೇಡಂ ಅಕ್ಕನ ದನಿ ತೆಗೆದು ಯಂತ್ರದ ದನಿ ಹಾಕಿದರು. ನನಗೆ ಊಟ ಸೇರಲಿಲ್ಲ. ಪರೀಕ್ಷೆಗೆ ಸಂಪಗಾಂವಕ್ಕ ಹೋದೆವು. "ಮಾನ್ಯರೇ, ತಮ್ಮ ಎಮ್ಮೆಯನ್ನು ಸಿದ್ಧವಾಗಿರಿಸಿಕೊಳ್ಳಿ" ಅಂತ ಫೋನು ಗಂಭೀರವಾಗಿ ಹೇಳಿತು. ಒಬ್ಬ ಆಯಿ ತಲಿಮ್ಯಾಲ ಸೆರಗು ಹೊದ್ದು ಎದ್ದು ನಿಂತಳು. ಯಾರೋ ಸಾಹೇಬ ಎಮ್ಮಿ ಜಪ್ತಿ ಮಾಡಾಕ ಹತ್ಯಾನ ಅಂತ ಸುದ್ದಿ ಹಬ್ಬಿತು. ಲಸಿಕಿ ಹಾಕಾಕ ಡಾಕ್ಟರು ಬಂದಾಗ ಓಣ್ಯಾಗ ಒಂದೂ ಎಮ್ಮಿ ಇರಲಿಲ್ಲ.

ಮೇಡಂ ಸೋತು, ಹೊಸದಾಗಿ ದನಿ ಕೊಡು ಅಂತ ಅಕ್ಕಗ ಫೋನ್ ಮಾಡಿದರು. ನಾನು ಬಾಗಲದಾಗ ಕಿವಿಕೊಟ್ಟು ನಿಂತಿದ್ದೆ. ಅವರು ಫೋನ್ ಇಟ್ಟಕೂಡಲೇ ಕೇಳಿದೆ:

"ನನ್ನ ಕೇಳಿದಳೇನ್ರಿ?"

"ಎಮ್ಮಿ ಎಷ್ಟಾದವು ಅಂತ ಕೇಳಿದಳು."

೩. ತಾನಾಗೇ ಹೋಗೂದು

ಮೊದಲೆಲ್ಲ ಅಕ್ಕ ಮಾತಾಡಿದ್ದನ್ನ ಸರ್ ಕೇಳಿ, ಆಮ್ಯಾಲ ಆ್ಯಪಿಗೆ ಹಾಕ್ತಿದ್ದರು. ಈಗ ಮೇಡಂ ಮಾಡಿದ ವ್ಯವಸ್ಥೇನ ಬ್ಯಾರೆ: ಅಕ್ಕ ದನಿ ಕಳಿಸಿದರ ಸಾಕು, ಯಾರೂ ಮುಟ್ಟದ ಎಲ್ಲಾ ಫೋನಿಗೆ ಹೋಗ್ತದ. "ಲಸಿಕಿ ಆತು" ಅಂತ ಒತ್ತೂತನಕ ತಾಸಿಗೊಮ್ಮೆ ಒದರ್ತದ. ಇದು ಅಕ್ಕಗ ಗೊತ್ತಿರಲಿಲ್ಲ. ಸರ್ ತೆಗೆದು ನನಗ ಕೇಳಿಸ್ತಾರ ಅಂದ್ಕೊಂಡು, ಕಡೀಗೆ ಒಂದು ಮಾತು ನನಗಂತ ಸೇರಿಸಿದ್ದಳು.

ಮರುದಿನ ಮುಂಜಾನೆ ಊರೂರಾಗ ಫೋನು ಹೇಳಿತು: "ತಮ್ಮಾ, ಪಂಚಮಿಗೆ ಕರಿಯಾಕ ಬಾರೋ. ಯಾರೂ ಏನೂ ಅನ್ನೂದಿಲ್ಲ. ನಿನ್ನ ನೋಡಬೇಕನಸೇತಿ."

ಹೋಗಿ ಕರಕೊಂಡು ಬಾರದೇನೋ ಅಂತ ಸಂಪಗಾಂವದ ಆಯಿ ಫೋನ್ ಮಾಡಿ ಬೈದಳು. ಇನ್ನೂ ಇಲ್ಲೇ ಕುಂತೀಯೇನೋ ಅಂತ ಸರ್ ನನ್ನ ರಾಮದುರ್ಗದ ಬಸ್ಸಿಗೆ ಹತ್ತಿಸಿದರು.

ಅಕ್ಕ ಆಗಷ್ಟ ಹೊಲದಿಂದ ಬಂದು ಕಟ್ಟಿ ಮ್ಯಾಲ ಕುಂತಿದ್ದಳು. ಸೊರಗಿದ್ದಳು. ಕೈ ಹಿಡಕೊಂಡು ಮೆಲ್ಲಕ ಕೇಳಿದಳು: "ನಿನಗಷ್ಟ ಕೇಳಿಸ್ಯಾರಲ್ಲೋ? ಮಂದಿಗೆ ಗೊತ್ತಾಗಿಲ್ಲಲ್ಲ?"

ಇಲ್ಲಬೇ, ನನಗಷ್ಟ ಅಂದೆ.

ಅಷ್ಟರಾಗ ಹಿತ್ತಲಿಂದ ಆಕೀದ ದನಿ ಬಂತು: "ತಮ್ಮಾ, ಪಂಚಮಿಗೆ..." ಬೆನ್ನಿಗೇ ಎಮ್ಮಿ ಹತ್ರ ಇದ್ದ ಆಕಿ ಅತ್ತಿ ದನಿ: "ಮುಂಜಾನಿಂದ ಎಂಟ ಸಲ ಆತು. ಬಂದಾನಂತ ಅದಕ್ಕ ಯಾರರ ಹೇಳ್ರೆವಾ."

ಅಕ್ಕ ಸೆರಗಿನಾಗ ಮುಖ ಮುಚ್ಚಿಕೊಂಡಳು. ನಾನು ಹಿತ್ತಲಿಗೆ ಹೋಗಿ, ಅತ್ತಿಯವರಿಗೆ ನಮಸ್ಕಾರ ಮಾಡಿ, ಅವರ ಫೋನಿನಾಗ "ಲಸಿಕಿ ಆತು" ಅಂತ ಒತ್ತಿದೆ.