ಇಕಾಮಾದೊಳಗಿನ ಅಡುಗೆಯವ

ನಿಮ್ಮ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಊರಿನಲ್ಲಿ ಒಂದು ಉತ್ತರ ಸಾಕು. ರಿಯಾದಿನಲ್ಲಿ ನಮ್ಮಂಥವರ ಬಳಿ ಎರಡು ಇರುತ್ತವೆ. ಬೆಳಿಗ್ಗೆಯಿಂದ ಸಂಜೆಯವರೆಗೆ ನಿಜವಾಗಿ ಮಾಡುವ ಕೆಲಸ ಒಂದು. ಇಕಾಮಾದಲ್ಲಿ, ಅಂದರೆ ಇಲ್ಲಿ ಇರಲಿಕ್ಕೆ ಸರ್ಕಾರ ಕೊಟ್ಟ ಗುರುತಿನ ಚೀಟಿಯಲ್ಲಿ, ಬರೆದಿರುವ ಕೆಲಸ ಇನ್ನೊಂದು. ಎರಡೂ ಒಂದೇ ಆಗಿರುವ ಅದೃಷ್ಟವಂತರೂ ಇದ್ದಾರೆ. ಅವರಿಗೆ ಊಟ ಮೈಗೆ ಹತ್ತುತ್ತದೆ. ನನ್ನ ಕಥೆ ಹೇಳಿಬಿಡುತ್ತೇನೆ. ನಾನು ಸೋಫಾ ಮಾರುವ ಒಂದು ಕಂಪನಿಯ ಲೆಕ್ಕಿಗ. ಆದರೆ ಸರ್ಕಾರದ ಕಣ್ಣಿನಲ್ಲಿ ಮೊನ್ನೆ ಮೊನ್ನೆಯವರೆಗೂ ಅಡುಗೆಯವ. ಮೊಟ್ಟೆ ಬೇಯಿಸುವುದಕ್ಕೆ ನೀರು ಹಾಕಬೇಕೋ ಎಣ್ಣೆ ಹಾಕಬೇಕೋ ಎಂದು ಹೆಂಡತಿಯನ್ನು ಕೇಳುವಂಥ ಅಡುಗೆಯವ.

ಹಾಗೆಂದು ನಾನು ಕಳ್ಳದಾರಿಯಲ್ಲಿ ಬಂದವನಲ್ಲ. ಲೆಕ್ಕಿಗನಾಗಿಯೇ ಬಂದೆ, ಹೆಂಡತಿ ಮುಮ್ತಾಜಳನ್ನೂ ಮಕ್ಕಳನ್ನೂ ಕರೆಸಿಕೊಂಡೆ, ಮಲಾಜ್ ಬಡಾವಣೆಯಲ್ಲಿ ಮನೆ ಮಾಡಿದೆ. ಆಮೇಲೆ, ಲೆಕ್ಕಿಗರಲ್ಲಿ ಇಷ್ಟು ಪಾಲು ಈ ದೇಶದವರೇ ಇರಬೇಕು ಎಂಬ ನಿಯಮ ಬಂತು. ನ್ಯಾಯವಾದ ನಿಯಮ. ನಮ್ಮ ಬಂಟ್ವಾಳದಲ್ಲಿ ಬಂದಿದ್ದರೆ ನಾನೇ ಮೊದಲು ಚಪ್ಪಾಳೆ ತಟ್ಟುತ್ತಿದ್ದೆ. ಆದರೆ ನಮ್ಮ ಕಂಪನಿಗೆ ಹೊಸಬರನ್ನು ನೇಮಿಸುವುದಕ್ಕಿಂತ ಹಳಬರ ಹುದ್ದೆಯ ಹೆಸರು ಬದಲಿಸುವುದು ಸುಲಭವಾಗಿ ಕಂಡಿತು. ಕಂಪನಿಯ ಪರವಾಗಿ ಸರ್ಕಾರಿ ಕಚೇರಿಗಳಿಗೆ ಓಡಾಡುವ ಮಂದೂಬ್ ಒಬ್ಬನಿದ್ದಾನೆ. ಅವನ ಕೈಗೆ ಸಿಕ್ಕಿದ್ದು ಖಾಲಿ ಬಿದ್ದಿದ್ದ ಅಡುಗೆಯವನ ಹುದ್ದೆ. "ಹೆಸರಿಗೆ ಮಾತ್ರ, ಮಾಲೇಶ್" ಎಂದ. ಮಾಲೇಶ್ ಎಂದರೆ ಪರವಾಗಿಲ್ಲ ಎಂದು ಅರ್ಥ. ಯಾರಿಗೆ ಪರವಾಗಿಲ್ಲ ಎನ್ನುವುದನ್ನು ಆ ಮಾತು ಯಾವತ್ತೂ ಬಿಡಿಸಿ ಹೇಳುವುದಿಲ್ಲ. ಆಫೀಸಿನಲ್ಲಿ ನಿಜವಾಗಿ ಚಹಾ ಮಾಡುವ ಉಳ್ಳಾಲದ ಹಮೀದನನ್ನು ಇದೇ ಮಂದೂಬ್ ಮೊದಲೇ ಇಲೆಕ್ಟ್ರಿಷಿಯನ್ ಮಾಡಿದ್ದ. ಬಲ್ಬು ಬದಲಿಸುವಾಗಲೂ ಬಿಸ್ಮಿಲ್ಲಾ ಹೇಳಿ ಕಣ್ಣು ಮುಚ್ಚುವ ಮನುಷ್ಯ ಅವನು.

ಸುದ್ದಿ ಕೇಳಿ ಮುಮ್ತಾಜ್ ನಕ್ಕದ್ದು ಪಕ್ಕದ ಫ್ಲ್ಯಾಟಿಗೆ ಕೇಳಿಸಿರಬೇಕು. "ಸರ್ಕಾರ ಹೇಳಿದ ಮೇಲೆ ಆಯ್ತಲ್ಲ ಮಾರಾಯ್ರೆ. ಇನ್ನು ಅಡುಗೆ ನಿಮ್ದೇ" ಎಂದಳು. ಅಷ್ಟಕ್ಕೇ ಬಿಡಲಿಲ್ಲ, ತನ್ನ ಇಕಾಮಾ ತಂದು ಮೇಜಿನ ಮೇಲಿಟ್ಟಳು. "ಇದ್ರಲ್ಲಿ ಎಂತ ಬರ್ದದ್ದು, ಓದಿ." ಗಂಡನ ಆಶ್ರಯದಲ್ಲಿ ಬಂದವರ ಚೀಟಿಯಲ್ಲಿ ಇರುವ ಮಾತೇ ಇತ್ತು: ಕೆಲಸ ಮಾಡಲು ಅನುಮತಿ ಇಲ್ಲ. "ಅದು ಹೊರಗಿನ ಕೆಲಸಕ್ಕೆ ಮಾರಾಯ್ತಿ" ಎಂದೆ. "ಹೊರಗೆ ಅಂತ ಎಲ್ಲುಂಟು? ತೋರಿಸಿ." ತಿರುಗಿಸಿ ಮುರುಗಿಸಿ ನೋಡಿದೆ, ಎಲ್ಲಿಯೂ ಇರಲಿಲ್ಲ. ಅಷ್ಟರಲ್ಲಿ ಅನ್ನ ಸಾರು ಎದುರಿಗೆ ಬಂದದ್ದರಿಂದ ನಾನು ಅದನ್ನು ತಮಾಷೆ ಎಂದೇ ತಿಳಿದೆ.

ಅದೇ ಹೊತ್ತಿಗೆ ಊರಿನಿಂದ ಅಕ್ಕನ ಮಗಳು ಸಫಾ ಫೋನ್ ಮಾಡಿದಳು. ಮಂಗಳೂರಿನಲ್ಲಿ ಅರ್ಥಶಾಸ್ತ್ರ ಓದುವ ಹುಡುಗಿ, ಅಸಂಘಟಿತ ಕಾರ್ಮಿಕರ ಬಗ್ಗೆ ಏನೋ ಬರೆಯುತ್ತಿದ್ದಾಳೆ. "ಮಾಮಾ, ಇಲ್ಲಿ ಬೀಡಿ ಕಟ್ಟುವವರಿಗೆ, ಮನೆಕೆಲಸದವರಿಗೆ ಒಂದು ಕಾಗದ ಇಲ್ಲ, ರಜೆ ಇಲ್ಲ, ಸರ್ಕಾರದ ಲೆಕ್ಕದಲ್ಲಿ ಅವರೇ ಇಲ್ಲ. ಅಲ್ಲಿ ಹೇಗೆ?" ಪರದೇಶದಲ್ಲಿರುವ ಮಾಮನಿಗೆ ಇಂಥ ಪ್ರಶ್ನೆ ಕೇಳಬಾರದು. ಗಂಟಲು ಸರಿಮಾಡಿಕೊಂಡು ಭಾಷಣ ಬಿಗಿದೆ. ಇಲ್ಲಿ ಎಲ್ಲವೂ ಕಟ್ಟುನಿಟ್ಟು, ಪ್ರತಿಯೊಬ್ಬನ ಕೆಲಸವೂ ಮೊಬೈಲಿನಲ್ಲೇ ಕಾಣುತ್ತದೆ, ಅಸಂಘಟಿತ ಅಂತ ಹುಡುಕಿದರೂ ಒಬ್ಬ ಸಿಗಲಿಕ್ಕಿಲ್ಲ ಎಂದೆ. ಅಡುಗೆಮನೆಯಿಂದ ಮುಮ್ತಾಜ್ ಸುಮ್ಮಸುಮ್ಮನೆ ಕೆಮ್ಮಿದಳು.

ಭಾಷಣದ ಬಿಸಿ ಆರುವ ಮೊದಲೇ ಮಂದೂಬ್ ಮುಖ ಸಣ್ಣದು ಮಾಡಿಕೊಂಡು ಬಂದ. ಕಾರ್ಮಿಕ ಇಲಾಖೆಯವರು ತಪಾಸಣೆಗೆ ಬರುತ್ತಾರಂತೆ. ಚೀಟಿಯಲ್ಲಿ ಒಂದು, ಕೈಯಲ್ಲಿ ಇನ್ನೊಂದು ಎಂದು ಸಿಕ್ಕಿಬಿದ್ದರೆ ಕಂಪನಿಗೆ ದಂಡ, ನನಗೆ ಎಕ್ಸಿಟ್, ಊರಿನ ದಾರಿ. ಅವನು ಹೇಳಿ ಹೋದ. ಮಕ್ಕಳ ಶಾಲೆ ಅರ್ಧದಲ್ಲಿದೆ, ಈ ವಯಸ್ಸಿನಲ್ಲಿ ಊರಿನಲ್ಲಿ ನನಗೆ ಕೆಲಸ ಕೊಡುವವರು ಯಾರು? ಆ ಸಂಜೆ ಮುಮ್ತಾಜಳ ಮುಂದೆ ಕೈಕಟ್ಟಿ ನಿಂತೆ. "ನನಗೆ ಅಡುಗೆ ಕಲಿಸು." ಈ ಸಲ ಅವಳು ನಗಲಿಲ್ಲ. ಏಪ್ರನ್ ಬಿಚ್ಚಿ ನನಗೆ ಕಟ್ಟಿದಳು.

ಅಯ್ಯೋ, ಅದು ಕಲಿಕೆಯೋ ಶಿಕ್ಷೆಯೋ! ಈರುಳ್ಳಿ ಹೆಚ್ಚಿದೆ, ಕಣ್ಣೀರು ಸುರಿಸಿದೆ. ನೀರ್ ದೋಸೆ ಹುಯ್ದೆ, ಮೊದಲನೆಯದು ಕಾವಲಿಯನ್ನು ಬಿಟ್ಟು ಬರಲೇ ಇಲ್ಲ. "ಹಿಟ್ಟು ನೀರಾಗ್ಬೇಕು ಮಾರಾಯ್ರೆ, ಅದಕ್ಕೇ ಅಲ್ವಾ ನೀರ್ ದೋಸೆ ಅನ್ನುದು!" ದಿನಾ ಆಫೀಸಿನಿಂದ ಬಂದ ಮೇಲೆ ಒಲೆಯ ಮುಂದೆ ನಿಲ್ಲುತ್ತಿದ್ದೆ. ದೋಸೆ ಕ್ರಮೇಣ ತೆಳ್ಳಗಾಯಿತು, ಮಕ್ಕಳು "ಅಬ್ಬಾ, ಒನ್ ಮೋರ್" ಅನ್ನತೊಡಗಿದರು. ಆದರೆ ನಾನು ಮಾಡಿದ ಚಹಾವನ್ನು ಮಾತ್ರ ಮನೆಯಲ್ಲಿ ಯಾರೂ ಎರಡನೇ ಗುಟುಕಿಗೆ ಮುಟ್ಟಲಿಲ್ಲ.

ತಪಾಸಣೆಯ ದಿನ ನನ್ನನ್ನು ಆಫೀಸಿನ ಪ್ಯಾಂಟ್ರಿಯಲ್ಲಿ ನಿಲ್ಲಿಸಿದರು. ಅಲ್ಲಿ ಕಾವಲಿ ಇಲ್ಲ, ಇರುವುದು ಚಹಾ ಮಾಡುವ ಸರಂಜಾಮು ಮಾತ್ರ! ಹಮೀದ್ ಕೈಯಲ್ಲಿ ಟೆಸ್ಟರ್ ಹಿಡಿದು ಸ್ವಿಚ್‌ಬೋರ್ಡಿನಿಂದ ಆದಷ್ಟು ದೂರ ನಿಂತಿದ್ದ. ಬಂದ ಅಧಿಕಾರಿ ಇನ್ನೂ ಎಳೆಯ ವಯಸ್ಸಿನವನು, ನಗುಮುಖ. ಎಲ್ಲರಿಗೂ ಸಲಾಂ ಹೇಳಿ, ಮ್ಯಾನೇಜರರ ಲ್ಯಾಪ್‌ಟಾಪಿನಲ್ಲಿ ನೌಕರರ ಪಟ್ಟಿ ನೋಡುತ್ತ ಕೂತ. ನಾನು ಟ್ರೇ ಹಿಡಿದು ಹೋದೆ. ಕಪ್ಪು ಇಟ್ಟು ಸುಮ್ಮನೆ ವಾಪಸು ಬರಬೇಕಿತ್ತು. ಆದರೆ ಕಣ್ಣು ಪರದೆಯ ಮೇಲೆ ಹೋಯಿತು. ನಾನು ಪ್ಯಾಂಟ್ರಿ ಸೇರಿದ್ದರಿಂದ ಮ್ಯಾನೇಜರರು ತಾವೇ ಪಟ್ಟಿ ಮಾಡಿದ್ದರು, ಮೊತ್ತದ ಸಾಲನ್ನೂ ಸೇರಿಸಿ ಮತ್ತೊಮ್ಮೆ ಕೂಡಿಬಿಟ್ಟಿದ್ದರು. ಇದ್ದಕ್ಕಿಂತ ಇಮ್ಮಡಿ ಜನ! ಬಾಯಿ ತಡೆಯಲಿಲ್ಲ. "ಸರ್, ಮೊತ್ತ ಎರಡು ಸಲ ಬಂದಿದೆ" ಎಂದುಬಿಟ್ಟೆ.

ಮಂದೂಬ್ ಛಾವಣಿ ನೋಡಿದ. ಅಧಿಕಾರಿ ನನ್ನ ಏಪ್ರನ್ ನೋಡಿ, "ನೀನು ಅಡುಗೆಯವನೋ?" ಎಂದು ಕೇಳಿದ. ಹೌದೆಂದೆ. ಅವನು ಚಹಾದ ಒಂದು ಗುಟುಕು ಕುಡಿದ, ಮುಖ ಕಿವುಚಿ ಕಪ್ಪು ಕೆಳಗಿಟ್ಟ. "ಅಲ್ಲ, ಖಂಡಿತ ಅಲ್ಲ" ಎಂದ. ಅಷ್ಟರಲ್ಲಿ ಹಮೀದನಿಗೂ ತಡೆಯಲಾಗಲಿಲ್ಲ. ಟೆಸ್ಟರನ್ನು ಜೇಬಿಗೆ ಹಾಕಿ, "ಅದನ್ನು ಕುಡೀಬೇಡಿ ಸಾಬ್, ನಾನು ಬೇರೆ ಮಾಡಿ ತರ್ತೇನೆ" ಎಂದು ಹಿಂದಿಯಲ್ಲಿ ಹೇಳಿ ಪ್ಯಾಂಟ್ರಿಗೆ ಓಡಿದ. ಅಧಿಕಾರಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕನೆಂದು ದಂಡ ಬಿಡಲಿಲ್ಲ, ಕಂಪನಿಗೆ ಬರೆದೇ ಬರೆದ. ಆದರೆ ನಮ್ಮನ್ನು ಓಡಿಸಲಿಲ್ಲ, ಎಲ್ಲರ ಹುದ್ದೆಯನ್ನೂ ಸರಿಮಾಡಿ ಎಂದು ಗಡುವು ಕೊಟ್ಟು, ಹಮೀದನ ಚಹಾ ಕುಡಿದು ಹೋದ.

ಕಂಪನಿ ಕೊನೆಗೂ ಈ ದೇಶದ ಒಬ್ಬ ಲೆಕ್ಕಿಗನನ್ನು ನೇಮಿಸಿತು. ಪಾಲು ಸರಿಹೋಗಿ ನನ್ನ ಹುದ್ದೆ ನನಗೆ ಬಂತು. ಹಮೀದನ ಇಕಾಮಾದಲ್ಲಿ ಈಗ ಚಹಾ ಮಾಡುವವ ಎಂದೇ ಇದೆ. ಅವನು ಅದನ್ನು ಎಲ್ಲರಿಗೂ ತೋರಿಸುತ್ತಾನೆ. ನಾನೂ ಅಂದು ಸಂಜೆ ಮುಮ್ತಾಜಳ ಮುಂದೆ ಮೊಬೈಲಿನಲ್ಲಿ ಇಕಾಮಾ ತೆರೆದು ಹಿಡಿದು, "ನೋಡು, ಲೆಕ್ಕಿಗ. ಇನ್ನು ನಾನು ಅಡುಗೆ ಮಾಡಿದರೆ ಕಾನೂನಿಗೆ ವಿರುದ್ಧ" ಎಂದೆ. "ಒಳ್ಳೇದಾಯ್ತು" ಎಂದು ಅವಳು ತನ್ನ ಚೀಟಿಯನ್ನು ಮತ್ತೆ ಮೇಜಿನ ಮೇಲಿಟ್ಟಳು. "ನಂದು ಬದಲಾಗ್ಲಿಲ್ಲ. ಇಷ್ಟು ವರ್ಷ ನಾನು ಕಾನೂನು ಮುರಿದದ್ದು ಸಾಕು." ಹೋಗಿ ಸೋಫಾದಲ್ಲಿ ಕಾಲು ಚಾಚಿ ಕೂತಳು. ಕೆಲವು ವಾರ ಒಲೆಯ ಮುಂದೆ ನಿಂತದ್ದಕ್ಕೇ ನನ್ನ ಸೊಂಟ ಹಿಡಿದುಕೊಂಡಿತ್ತು. ಅವಳು ಇಷ್ಟು ವರ್ಷ ನಿಂತಿದ್ದಾಳಲ್ಲ ಎಂದು ನೆನೆದು ನಿಜಕ್ಕೂ ನಾಚಿಕೆಯಾಯಿತು. ಏಪ್ರನ್ ಕಟ್ಟಿಕೊಂಡೆ.

ದೋಸೆ ಹುಯ್ಯುತ್ತಿರುವಾಗ ಸಫಾಳ ಫೋನು. "ಮಾಮಾ, ಗಲ್ಫಿನಲ್ಲಿ ಅಸಂಘಟಿತರು ಇಲ್ಲವೇ ಇಲ್ಲ ಅಂತ ಬರೀತಿದ್ದೇನೆ, ಆಯ್ತಾ?"

"ಬರೀಬೇಡ ಮಗಾ. ನಮ್ಮನೇಲೇ ಉಂಟು. ಕಾಗದ ಇಲ್ಲ, ಸಂಬಳ ಇಲ್ಲ, ರಜೆ ಅಂತೂ ಇಲ್ಲವೇ ಇಲ್ಲ."

"ಅಯ್ಯೋ ಪಾಪ! ಯಾರು, ಮಾಮಿಯಾ?"

"ನಿನ್ನೆವರೆಗೆ ಮಾಮಿ" ಎಂದೆ. "ಇವತ್ತಿಂದ ನಾನು. ಫೋನಿಡು, ದೋಸೆ ಸೀಯ್ತಾ ಉಂಟು."